ಆವೇಶ ಇಳಿಯುವ ದಾರಿ

ಸೇಲಂ ಜಿಲ್ಲೆಯ ಇಳಂಪಿಳ್ಳೈ ಕಡೆಯ ಒಂದು ಮಗ್ಗದ ಮನೆ. ಮಾರ್ಚ್ ತಿಂಗಳ ಮಧ್ಯಾಹ್ನ, ಊಟದ ಹೊತ್ತು. ಎಂಟೂ ಮಗ್ಗ ನಿಂತಿವೆ. ಪಾಲಿಯೆಸ್ಟರ್ ಹಾಸು ಸುತ್ತಿದ ಉರುಳೆಯ ಪಕ್ಕ ದೊಡ್ಡಪ್ಪ ಕೂತಿದ್ದಾರೆ. ಧರ್ಮಪುರಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ತಮ್ಮನ ಮಗಳು ಬಂದಿದ್ದಾಳೆ. ತಲೆಮಾರುಗಳಿಂದ ಇವರ ಮನೆಮಾತು ಕನ್ನಡ, ಬೀದಿಗಿಳಿದರೆ ತಮಿಳು. ಬೀದಿಯ ‘ತರಿ’ ಮನೆಯಲ್ಲಿ ‘ಮಗ್ಗ’, ಬೀದಿಯ ‘ಪಾವು’ ಮನೆಯಲ್ಲಿ ‘ಹಾಸು’.

— ಮುಟ್ಟಬೇಡ ಮಗಳೇ, ಕಚ್ಚುತ್ತೆ.

— ಆಗಲೇ ಕಚ್ಚಿತು ದೊಡ್ಡಪ್ಪ. ಬೆರಳು ಇನ್ನೂ ತಾಗಿರಲೇ ಇಲ್ಲ. ಒಂದು ಅಕ್ಕಿಕಾಳಿನ ಅಗಲದಷ್ಟು ದೂರ ಇರುವಾಗಲೇ ಚಟ್ ಅಂತು.

— ಶಿವರಾತ್ರಿ ಕಳೆದರೆ ದಿನಾ ಇದೇ ಪಾಡು. ಈ ಎಳೆಗಳನ್ನ ನೋಡು. ನೂರಾರು ಎಳೆ ಒಟ್ಟಿಗೆ ಬರುವಾಗ ಒಂದಕ್ಕೊಂದು ಮುಖ ತಿರುಗಿಸಿಕೊಂಡು ಉಬ್ಬಿ ನಿಲ್ಲುತ್ತವೆ. ಬೆನ್ನಲ್ಲೇ ಧೂಳು, ಹಿಂಜು ಎಲ್ಲ ಬಂದು ಅಂಟಿಕೊಳ್ಳುತ್ತೆ. ಎಳೆ ಹರಿಯುತ್ತೆ. ಹಾಸು ಸುತ್ತುವ ಹೆಂಗಸು ಒಂದು ದಿನ ಬೆಚ್ಚಿ ಕೈ ಎಳೆದುಕೊಂಡಳು, ಮೊಣಕೈ ಕಬ್ಬಿಣಕ್ಕೆ ಬಡಿದು ಊದಿಕೊಂಡಿತ್ತು. ಯಾಕೆ ಹೀಗೆ ಅಂತ ಫಿಟ್ಟರನ್ನ ಕೇಳಿದರೆ, ನೂಲು ಉಜ್ಜಿ ಉಜ್ಜಿ ಕರೆಂಟು ಹುಟ್ಟುತ್ತೆ ಅಂದ.

— ಹುಟ್ಟಲ್ಲ ದೊಡ್ಡಪ್ಪ, ಬೇರೆಯಾಗುತ್ತೆ. ನೂಲಿನಲ್ಲೂ ಕಬ್ಬಿಣದಲ್ಲೂ ಧನ, ಋಣ ಎರಡೂ ಸಮಸಮ ಇರುತ್ತವೆ, ಒಂದನ್ನೊಂದು ಮುಚ್ಚಿಕೊಂಡು. ಎರಡು ಬೇರೆ ಬೇರೆ ವಸ್ತು ತಾಗಿ ಬಿಟ್ಟಾಗ ಒಂದರ ಮೈಯಿಂದ ಇನ್ನೊಂದರ ಮೈಗೆ ಚೂರು ಆವೇಶ ದಾಟಿಬಿಡುತ್ತೆ. ತಾಗಿದರೇ ಸಾಕು, ಉಜ್ಜಬೇಕಂತಲೂ ಇಲ್ಲ. ಉಜ್ಜಿದರೆ ತಾಗುವ ಜಾಗ ಹೆಚ್ಚಾಗುತ್ತೆ, ಅಷ್ಟೇ. ನಿಮ್ಮ ಎಳೆ ಎಷ್ಟು ಕೊಂಡಿ, ಎಷ್ಟು ಹಣಿಗೆ ದಾಟಿಕೊಂಡು ಬರುತ್ತೆ ಲೆಕ್ಕ ಹಾಕಿ. ಪ್ರತಿಯೊಂದು ಕಡೆಯೂ ತಾಗುತ್ತೆ, ಬಿಡುತ್ತೆ.

— ಆವೇಶ ಅಂದೆಯಲ್ಲ, ಅದು ನಮ್ಮ ಚೌಡಮ್ಮನ ಹಬ್ಬದ ಮಾತಲ್ಲವಾ? ಅಲಗು ಸೇವೆಯಲ್ಲಿ ಮೈಮೇಲೆ ಬರುವುದು.

— ಕನ್ನಡ ಪಾಠಪುಸ್ತಕದಲ್ಲೂ ಅದೇ ಮಾತು ದೊಡ್ಡಪ್ಪ, ವಿದ್ಯುದಾವೇಶ ಅಂತ. ಆ ಹೆಸರಿಟ್ಟವರನ್ನ ನೆನೆದರೆ ನನಗೆ ಸಂತೋಷವಾಗುತ್ತೆ. ಬರುವುದು, ನಿಲ್ಲುವುದು, ಇಳಿಯುವುದು, ಮೂರೂ ಅದೊಂದು ಮಾತಿನೊಳಗೇ ಇವೆ. ಅಂಟುಪಟ್ಟಿ ಇದೆಯಾ ಇಲ್ಲಿ? ಸೀರೆ ಡಬ್ಬಕ್ಕೆ ಅಂಟಿಸುತ್ತೀರಲ್ಲ, ಅದು.

— ಇದೆ, ತಗೋ.

— ಮೊದಲು ಮೇಜಿನ ಮೇಲೆ ಒಂದು ಪಟ್ಟಿ ಹಾಸಿ ಅಂಟಿಸಿದೆ. ಅದು ಅಲ್ಲೇ ಇರಲಿ. ಅದರ ಮೇಲೆ ಗೇಣುದ್ದದ ಎರಡು ತುಂಡು ಅಂಟಿಸುತ್ತೇನೆ. ಈಗ ಎರಡನ್ನೂ ಸರ್ರಂತ ಕಿತ್ತೆ. ಒಂದರ ಹತ್ತಿರ ಒಂದನ್ನ ತನ್ನಿ.

— ಒಲ್ಲೆ ಅನ್ನುತ್ತಿವೆ. ಆ ಕಡೆಯದು ಆ ಕಡೆಗೆ ಬಾಗುತ್ತೆ, ಈ ಕಡೆಯದು ಈ ಕಡೆಗೆ. ನಮ್ಮ ಹಾಸಿನ ಎಳೆ ಮಾಡುವುದೂ ಇದನ್ನೇ!

— ಎರಡೂ ಒಂದೇ ರೀತಿ ಕಿತ್ತು ಬಂದವು, ಎರಡಕ್ಕೂ ಒಂದೇ ಜಾತಿಯ ಆವೇಶ. ಅದಕ್ಕೇ ತಳ್ಳಾಟ. ಈಗ ಒಂದರ ಬೆನ್ನಿಗೆ ಇನ್ನೊಂದನ್ನ ಅಂಟಿಸಿ, ಜೋಡಿಯಾಗಿ ಕಿತ್ತು, ಬೆರಳಿನಿಂದ ಮೆಲ್ಲಗೆ ಸವರುತ್ತೇನೆ. ಇದ್ದಬದ್ದ ಆವೇಶ ನನ್ನ ಮೈಗೆ ಇಳಿಯಿತು. ಗೋಡೆಯ ಹತ್ತಿರ ಹಿಡಿಯಿರಿ, ಸುಮ್ಮನೆ ಜೋತುಬಿದ್ದಿದೆ. ಇನ್ನು ಇವೆರಡನ್ನ ಒಂದರಿಂದ ಒಂದು ಬಿಡಿಸಿ.

— ಅಯ್ಯೋ, ಈಗ ಒಂದನ್ನೊಂದು ಹುಡುಕಿಕೊಂಡು ಬರುತ್ತಿವೆ! ಕೈಯಲ್ಲಿ ಹಿಡಿದರೂ ನಿಲ್ಲುವುದಿಲ್ಲವಲ್ಲ.

— ಒಂದು ಕ್ಷಣದ ಹಿಂದೆ ಜೋಡಿಯಲ್ಲಿ ಏನೂ ಇರಲಿಲ್ಲ. ಬಿಡಿಸಿದ್ದಕ್ಕೆ ಒಂದು ಧನವಾಯಿತು, ಒಂದು ಋಣವಾಯಿತು. ಹೊಸದಾಗಿ ಏನೂ ಹುಟ್ಟಲಿಲ್ಲ. ಏಳನೇ ತರಗತಿಯ ಮಕ್ಕಳಿಗೆ ಇದನ್ನ ತೋರಿಸಿದ ದಿನ ಇಡೀ ತರಗತಿ ಪಟ್ಟಿ ಕೇಳುತ್ತೆ.

— ಎಷ್ಟು ದಾಟುತ್ತೆ ಅಂಥದ್ದು? ಇಷ್ಟು ಜೋರು ತೋರಿಸುತ್ತಲ್ಲ.

— ತೀರಾ ಕಡಿಮೆ. ಒಂದು ಮೈ ಎಷ್ಟು ಆವೇಶ ಹೊರಬಲ್ಲದು ಅನ್ನುವುದಕ್ಕೆ ಗಾಳಿಯೇ ಗಡಿ ಹಾಕಿದೆ. ಸೆಂಟಿಮೀಟರಿಗೆ ಸುಮಾರು 30,000 ವೋಲ್ಟ್ ಮುಟ್ಟಿದರೆ ಗಾಳಿ ತಾನೇ ಹರಿದು ದಾರಿ ಬಿಡುತ್ತೆ. ಆ ಗಡಿಯ ತನಕ ತುಂಬಿದರೂ ಮೇಲ್ಮೈಯ ಲಕ್ಷ ಪರಮಾಣುಗಳಲ್ಲಿ ಒಂದರಷ್ಟರ ಲೆಕ್ಕ ಮಾತ್ರ ಆಚೀಚೆ ಆಗಿರುತ್ತೆ. ನನ್ನ ಬೆರಳಿಗೂ ಉರುಳೆಗೂ ಎರಡು ಮಿಲಿಮೀಟರ್ ಇತ್ತು ಅಂದುಕೊಂಡರೆ ಹಾರಿದ್ದು ಆರು ಸಾವಿರ ವೋಲ್ಟ್.

— ಆರು ಸಾವಿರ! ಗೋಡೆಯ ಪ್ಲಗ್ಗಿನಲ್ಲಿ ಇರುವುದು 230.

— ಆ ಮಾತಿಗೆ ಬರುತ್ತೇನೆ, ಅದು ಮುಖ್ಯ. ಅದಕ್ಕೆ ಮುಂಚೆ ಒಂದು ಕೇಳಬೇಕು. ತಾತನ ಕಾಲದಲ್ಲಿ ಇದು ಇತ್ತಾ?

— ನಿಮ್ಮ ತಾತ ನೇಯುತ್ತಿದ್ದದ್ದು ಬಿಳಿ ರೇಷ್ಮೆ ಪಂಚೆ. ಈಗ ಸೇಲಂ ವೆಣ್‌ಪಟ್ಟು ಅಂತ ಭೌಗೋಳಿಕ ಗುರುತು ಸಿಕ್ಕಿದೆಯಲ್ಲ, ಅದೇ ಬಟ್ಟೆ. ಗುಂಡಿ ಮಗ್ಗ. ಕಾಲು ನೆಲದೊಳಗೆ, ಹಾಸು ನೆಲದಿಂದ ಒಂದು ಮೊಳ ಮೇಲೆ. ಬೆಳಗ್ಗೆ ಎದ್ದ ತಕ್ಷಣ ಅಜ್ಜಿ ಗುಂಡಿಯ ಮಣ್ಣಿಗೆ ನೀರು ಚಿಮುಕಿಸುತ್ತಿದ್ದಳು. ಹೊಕ್ಕಿನ ಕಂಡಿಕೆಗಳಿಗೆ ಒದ್ದೆ ಬಟ್ಟೆ ಸುತ್ತಿ ಮಡಕೆಯಲ್ಲಿ ಇಡುತ್ತಿದ್ದಳು. ಒಣಗಿದರೆ ಎಳೆ ಮುನಿಸಿಕೊಳ್ಳುತ್ತೆ ಅಂತಿದ್ದಳು. ಕಚ್ಚಿದ್ದು ನನಗೆ ನೆನಪಿಲ್ಲ.

— ಕಚ್ಚುವುದಕ್ಕೆ ಆಕೆ ಬಿಡಲಿಲ್ಲ ದೊಡ್ಡಪ್ಪ. ನಮ್ಮ ಪುಸ್ತಕದಲ್ಲಿ ಆವೇಶದ ಮೊದಲ ಪ್ರಯೋಗಕ್ಕೇ ಗಾಜಿನ ಕಡ್ಡಿಯನ್ನ ರೇಷ್ಮೆಗೆ ಉಜ್ಜಿ ಅಂತ ಇದೆ. ರೇಷ್ಮೆ ಸುಮ್ಮನಿರುವ ನೂಲಲ್ಲ. ಆದರೆ ರೇಷ್ಮೆ ನೀರು ಹಿಡಿಯುತ್ತೆ. ವ್ಯಾಪಾರದ ಲೆಕ್ಕದಲ್ಲಿ ಒಣ ರೇಷ್ಮೆಯ ತೂಕಕ್ಕೆ ನೂರಕ್ಕೆ 11ರಷ್ಟು ನೀರು ಸೇರಿಸುತ್ತಾರೆ, ಹತ್ತಿಗೆ ಎಂಟೂವರೆ. ಪಾಲಿಯೆಸ್ಟರಿಗೆ ಅರ್ಧವೂ ಇಲ್ಲ, 0.4. ಆ ನೀರೇ ಆವೇಶ ಇಳಿಯುವ ದಾರಿ. ಅಜ್ಜಿ ದಿನಾ ಬೆಳಗ್ಗೆ ಆ ದಾರಿಯನ್ನ ತೆರೆದಿಡುತ್ತಿದ್ದಳು.

— ಹಾಗಾದರೆ ಗಾಳಿಯಲ್ಲಿ ತೇವ ಇದ್ದರೆ ಕರೆಂಟು ಗಾಳಿಗೆ ಹೋಗಿಬಿಡುತ್ತೆ ಅನ್ನು.

— ಎಲ್ಲರೂ ಹಾಗೇ ಹೇಳುತ್ತಾರೆ, ನಾನೂ ಎಷ್ಟೋ ವರ್ಷ ಮಕ್ಕಳಿಗೆ ಹಾಗೇ ಹೇಳಿಕೊಟ್ಟೆ. ಅದು ಸರಿಯಲ್ಲ. ತೇವದ ಗಾಳಿಯೂ ವಿದ್ಯುತ್ತಿಗೆ ಗೋಡೆಯೇ. ಗಾಳಿಯ ನೀರು ನೂಲಿನ ಮೈಮೇಲೆ ಕಣ್ಣಿಗೆ ಕಾಣದ ಪೊರೆಯಾಗಿ ಕೂರುತ್ತೆ, ನೂಲಿನ ಒಳಗೂ ಇಳಿಯುತ್ತೆ. ಆವೇಶ ಆ ಪೊರೆಯ ಮೇಲೆ ಜಾರಿಕೊಂಡು ಲೋಹಕ್ಕೋ ನೆಲಕ್ಕೋ ಸೇರುತ್ತೆ. ನೂಲು ಪರೀಕ್ಷೆ ಮಾಡುವ ಕೋಣೆಯಲ್ಲಿ ಸಾಪೇಕ್ಷ ಆರ್ದ್ರತೆ ನೂರಕ್ಕೆ 65 ಇಡುತ್ತಾರೆ. ಮಾರ್ಚ್ ಮಧ್ಯಾಹ್ನ ಈ ತಗಡಿನ ಸೂರಿನ ಕೆಳಗೆ ಅಷ್ಟು ಎಲ್ಲಿಂದ ಬರಬೇಕು? ನಮ್ಮ ಶಾಲೆಯಲ್ಲೂ ಅಷ್ಟೇ. ಫೆಬ್ರವರಿಯಲ್ಲಿ ಬಾಚಣಿಗೆ ಕಾಗದದ ಚೂರು ಎತ್ತುತ್ತೆ, ಐಪ್ಪಸಿ ತಿಂಗಳ ಮಳೆಯಲ್ಲಿ ಎಷ್ಟು ಉಜ್ಜಿದರೂ ಎತ್ತಲ್ಲ. ಪಾಠದ ಕ್ರಮ ಬಿಟ್ಟು ಆ ಪ್ರಯೋಗವನ್ನ ಬೇಸಿಗೆಗೆ ತಂದುಕೊಂಡಿದ್ದೇನೆ.

— ದಾರಿ ಇಲ್ಲದಿದ್ದರೆ? ಎಷ್ಟು ಹೊತ್ತು ಕೂತಿರುತ್ತೆ?

— ಹತ್ತಿಯ ಮೇಲಾದರೆ ಸ್ವಲ್ಪ ಹೊತ್ತಿನಲ್ಲೇ ಹೋಗಿರುತ್ತೆ. ಒಣ ಪಾಲಿಯೆಸ್ಟರ್ ಹಾಳೆಯ ಮೇಲೆ ನಿಮಿಷಗಟ್ಟಲೆ, ಗಂಟೆಗಟ್ಟಲೆ. ಒಂದೇ ಸಲಕ್ಕೆ ಹೋಗುವುದೂ ಇಲ್ಲ. ಅರ್ಧ ಹೋಗುತ್ತೆ, ಅಷ್ಟೇ ಹೊತ್ತಿನಲ್ಲಿ ಉಳಿದದ್ದರಲ್ಲಿ ಅರ್ಧ, ಮತ್ತೆ ಅದರಲ್ಲಿ ಅರ್ಧ. ಕೊರೋನಾ ಕಾಲದಲ್ಲಿ ಎನ್-95 ಮಾಸ್ಕ್ ಹಾಕಿಕೊಂಡಿರಲಿಲ್ಲವಾ? ಅದರ ನಡುವಿನ ಪದರ ಪಾಲಿಪ್ರೊಪಿಲೀನ್ ನಾರು. ಕಾರ್ಖಾನೆಯಲ್ಲೇ ಅದಕ್ಕೆ ಆವೇಶ ತುಂಬಿ ಕಳಿಸುತ್ತಾರೆ, ಅದು ವರ್ಷಗಟ್ಟಲೆ ಅಲ್ಲೇ ಇರುತ್ತೆ. ನಾರುಗಳ ಸಂದಿಯಲ್ಲಿ ನುಸುಳಬೇಕಾದ ಸಣ್ಣ ಕಣವನ್ನ ಆ ಆವೇಶ ಎಳೆದು ಹಿಡಿದುಕೊಳ್ಳುತ್ತೆ. ಸೋಪು ಹಾಕಿ ಒಗೆದರೆ, ಸ್ಪಿರಿಟ್ಟಿನಲ್ಲಿ ಒರೆಸಿದರೆ ಆವೇಶ ಹೋಯಿತು. ನೋಡಲು ಮಾಸ್ಕ್ ಹಾಗೇ ಇರುತ್ತೆ, ಕಣ ಹಿಡಿಯುವ ಶಕ್ತಿ ಇರುವುದಿಲ್ಲ.

— ನಾನು ಎರಡು ಮಾಸ್ಕನ್ನ ಒಗೆದು ಒಗೆದು ಒಂದು ವರ್ಷ ಹಾಕಿಕೊಂಡೆ ಮಗಳೇ.

— ತುಂಬ ಜನ ಹಾಗೇ ಮಾಡಿದರು. ಯಾರೂ ಬಿಡಿಸಿ ಹೇಳಲಿಲ್ಲ.

— ಆಗಲಿ. ಈ ಉರುಳೆಗೆ ಏನು ಮಾಡೋಣ? ಅರ್ಥ್ ತಂತಿ ಎಳೆದರೆ ಸರಿಹೋಗುತ್ತಾ?

— ಅರ್ಧ ಸರಿಹೋಗುತ್ತೆ. ಉರುಳೆ ಲೋಹ, ಆದರೆ ಕೂತಿರುವುದು ಮರದ ಕಟ್ಟೆಯ ಮೇಲೆ. ನೂಲು ತಂದದ್ದನ್ನೆಲ್ಲ ಕೂಡಿಟ್ಟುಕೊಂಡು ಯಾರದಾದರೂ ಬೆರಳು ಬರಲಿ ಅಂತ ಕಾಯುತ್ತೆ. ತಂತಿ ಕಟ್ಟಿ ನೆಲಕ್ಕೆ ಸೇರಿಸಿದರೆ ಹೆಂಗಸರಿಗೆ ಕಚ್ಚುವುದು ನಿಲ್ಲುತ್ತೆ. ನೂಲಿನ ಮೇಲಿರುವ ಆವೇಶ ಮಾತ್ರ ಆ ತಂತಿಯ ಮಾತು ಕೇಳಲ್ಲ. ಅದು ಇದ್ದಲ್ಲೇ ಅಂಟಿಕೊಂಡಿರುತ್ತೆ, ಲೋಹದ ತನಕ ಹರಿದು ಬರಲು ಅದಕ್ಕೆ ದಾರಿಯಿಲ್ಲ. ಅದಕ್ಕೆ ಮೂರು ಉಪಾಯ. ಗಾಳಿಗೆ ತೇವ ಕೊಡಬೇಕು. ಇಲ್ಲ, ನೂಲಿಗೆ ಹಚ್ಚುವ ಎಣ್ಣೆ ಸರಿಯಾದದ್ದಿರಬೇಕು. ಇಲ್ಲ, ಆವೇಶ ಕಳೆಯುವ ಎದುರು ಕಣಗಳನ್ನ ಗಾಳಿಯಲ್ಲೇ ಹುಟ್ಟಿಸಬೇಕು. ದೊಡ್ಡ ಮಿಲ್ಲುಗಳಲ್ಲಿ ಅದಕ್ಕೆ ಸೂಜಿ ಸಾಲಿನ ಪಟ್ಟಿ ಇಡುತ್ತಾರೆ. ಬೆಂಜಮಿನ್ ಫ್ರಾಂಕ್ಲಿನ್ 1750ರ ಸುಮಾರಿಗೆ ಕಂಡುಕೊಂಡದ್ದೇ ಇದು, ಚೂಪಾದ ಲೋಹದ ತುದಿ ಮುಟ್ಟದೆಯೂ ಆವೇಶವನ್ನ ಇಳಿಸುತ್ತೆ. ನಿಮ್ಮ ಹತ್ತಿರ ಹಳೆಯ ಜರಿ ಇದೆಯಾ?

— ಪೆಟ್ಟಿಗೆಯಲ್ಲಿ ಇದೆ. ಅಪ್ಪನ ಕಾಲದ್ದು. ಒಳಗೆ ರೇಷ್ಮೆ ಎಳೆ, ಸುತ್ತ ಬೆಳ್ಳಿ ತಂತಿ, ಮೇಲೆ ಚಿನ್ನದ ನೀರು. ಈಗ ಬರುವ ಪ್ಲಾಸ್ಟಿಕ್ ಜರಿಯಲ್ಲ.

— ಲೋಹದ್ದೇ ಬೇಕು. ಹಾಸಿನ ಅಡ್ಡಕ್ಕೆ, ಎಳೆಗಳಿಗೆ ಬೆರಳಗಲ ದೂರದಲ್ಲಿ ಒಂದೆರಡು ಎಳೆ ಬಿಗಿದು ಕಟ್ಟಿ, ಕೊನೆಯನ್ನ ಅರ್ಥ್ ತಂತಿಗೆ ಸೇರಿಸಿ. ಅಲ್ಲಲ್ಲಿ ತುದಿ ಕೆದರಿದ್ದರೆ ಇನ್ನೂ ಒಳ್ಳೆಯದು. ಈ ಕೆಲಸಕ್ಕೆ ಅಂತಲೇ ತಾಮ್ರದ ಜರಿಯಂಥ ಕುಚ್ಚು ಮಾರುತ್ತಾರೆ, ಕೆಲಸ ಎರಡರದೂ ಒಂದೇ. ಪೂರ್ತಿ ಹೋಗಲ್ಲ, ಉಬ್ಬು ಇಳಿಯುತ್ತೆ.

— ಅಪ್ಪನ ಜರಿ ಪಂಚೆಯ ಅಂಚಿಗೆ ಅಂತ ಬಂದದ್ದು. ಈ ಕೆಲಸಕ್ಕೂ ಆದರೆ ಅವನು ಬೇಡ ಅನ್ನುತ್ತಿರಲಿಲ್ಲ. ಈಗ ಆ 230ರ ಮಾತು ಹೇಳು.

— ಹೊಗೆನಕಲ್ಲಿನ ಬಂಡೆಯ ತಲೆಯಿಂದ ಒಂದು ಹನಿ ನಿಮ್ಮ ನೆತ್ತಿಗೆ ಬಿದ್ದರೆ ಏನಾಗುತ್ತೆ? ಟಪ್ ಅಂತ ಬೀಳುತ್ತೆ, ಮುಗಿಯಿತು. ಅದೇ ಮೆಟ್ಟೂರು ಕಾಲುವೆಯಲ್ಲಿ ಸೊಂಟದ ಮಟ್ಟದ ನೀರು ಮನುಷ್ಯನನ್ನ ಎಳೆದುಕೊಂಡು ಹೋಗುತ್ತೆ. ವೋಲ್ಟ್ ಅನ್ನುವುದು ಎತ್ತರ. ಈ ಆರು ಸಾವಿರದ ಹಿಂದೆ ಹನಿಯಷ್ಟೇ ಆವೇಶ, ಒಂದು ಕ್ಷಣದಲ್ಲಿ ಖಾಲಿ. 230ರ ಹಿಂದೆ ಇಡೀ ಮೆಟ್ಟೂರು ಇದೆ. ಮುಟ್ಟಿದಷ್ಟು ಹೊತ್ತೂ ಹರಿಯುತ್ತಲೇ ಇರುತ್ತೆ.

— ಹಾಗಾದರೆ ನೂಲಿನ ಕರೆಂಟಿಗೆ ಹೆದರಬೇಕಿಲ್ಲ.

— ಮೈಗೆ ಹೆದರಬೇಕಿಲ್ಲ, ಬೆಚ್ಚಿ ಬೀಳುವುದಕ್ಕೆ ಹೆದರಬೇಕು. ಪೆಟ್ರೋಲಿನ ಹತ್ತಿರವಂತೂ ಹೆದರಲೇಬೇಕು. ಆರು ಸಾವಿರ ವೋಲ್ಟಿಗೆ ಏರಿದ ಮನುಷ್ಯನ ಮೈಯಿಂದ ಹಾರುವ ಕಿಡಿಯಲ್ಲಿ ಎರಡೂವರೆ ಮಿಲಿಜೂಲಿಗೂ ಮಿಗಿಲಾದ ಶಕ್ತಿ ಇರುತ್ತೆ. ಪೆಟ್ರೋಲ್ ಆವಿ ಹೊತ್ತಿಕೊಳ್ಳಲು ಕಾಲು ಮಿಲಿಜೂಲ್ ಸಾಕು. ತೊಪ್ಪೂರು ಘಾಟಿ ಇಳಿದು ಬರುವ ಟ್ಯಾಂಕರುಗಳು ಬಂಕಿನಲ್ಲಿ ಎಣ್ಣೆ ಇಳಿಸುವ ಮುಂಚೆ ಒಂದು ತಂತಿ ಸಿಕ್ಕಿಸುವುದು ಇದಕ್ಕೇ. ಇನ್ನೊಂದು ಮಾತು ದೊಡ್ಡಪ್ಪ. ಹೆಂಗಸರು ಕರೆಂಟು ಹೊಡೀತು ಅಂದಾಗ ಪ್ರತಿಸಲವೂ ಅದು ನೂಲಿನದ್ದೇ ಅಂತ ಹೇಳಬೇಡಿ. ನೂಲಿನದ್ದು ಚಟ್ ಅಂತ ಒಂದೇ ಸಲ, ಮತ್ತೆ ಮುಟ್ಟಿದರೆ ಇರಲ್ಲ. ಮೋಟಾರಿನಿಂದ ಸೋರುವುದು ಝುಮ್ ಅಂತ ಇರುತ್ತೆ, ಕೈ ಇಟ್ಟಷ್ಟು ಹೊತ್ತೂ.

— ಅವರಿಗೆ ಹೇಳಿದ್ದೇನೆ, ಬೇಸಿಗೆಯಲ್ಲಿ ಇದೆಲ್ಲ ಇದ್ದದ್ದೇ, ಸುಮ್ಮನೆ ಕೆಲಸ ಮಾಡಿ ಅಂತ.

*

ಆಡಿ ತಿಂಗಳ 18ರ ಹಬ್ಬ ಕಳೆದು ಒಂದು ವಾರ. ಹೊಗೆನಕಲ್. ಕಾವೇರಿಯ ಅಬ್ಬರ ಸ್ವಲ್ಪ ತಗ್ಗಿ ತೆಪ್ಪ ಬಿಟ್ಟಿದ್ದಾರೆ. ಕಪ್ಪು ಬಂಡೆಗಳ ನಡುವೆ, ನೀರು ಬೀಳುವ ಜಾಗಕ್ಕೆ ಕೂಗಳತೆ ದೂರದಲ್ಲಿ, ತೆಪ್ಪ ಮೆಲ್ಲಗೆ ಸುತ್ತುತ್ತಿದೆ.

— ಹೊಗೆ, ಕಲ್ಲು. ಇಲ್ಲಿಗೆ ಬಂದಾಗಲೆಲ್ಲ ಎದೆ ತುಂಬುತ್ತೆ ಮಗಳೇ. ತಮಿಳಲ್ಲಿ ಹೊಗೆಗೆ ಪುಗೈ. ಈ ಹೆಸರಿಟ್ಟವರು ನಮ್ಮ ಮಾತು ಆಡಿದವರೇ.

— ಆ ಹೊಗೆಯಲ್ಲೂ ಆವೇಶ ಇದೆ ದೊಡ್ಡಪ್ಪ.

— ನೀರಲ್ಲಾ? ನೀರು ಇಳಿಸುತ್ತೆ ಅಂದವಳು ನೀನೇ.

— ಅದನ್ನ ತೋರಿಸಬೇಕು ಅಂತಲೇ ಕರೆದುಕೊಂಡು ಬಂದೆ. ಜಲಪಾತದ ಹತ್ತಿರ ಗಾಳಿ ಋಣ ಆವೇಶ ತುಂಬಿಕೊಂಡಿರುತ್ತೆ ಅಂತ ಜನ ಮೊದಲೇ ಗಮನಿಸಿದ್ದರು. ಜರ್ಮನಿಯ ಫಿಲಿಪ್ ಲೆನಾರ್ಡ್ ಅದನ್ನ ಹಿಡಿದು ಕೂತು ಅಳೆದು 1892ರಲ್ಲಿ ಬರೆದ. ಮುಂದೆ 1905ರಲ್ಲಿ ಬೇರೊಂದು ಕೆಲಸಕ್ಕೆ ಆತನಿಗೆ ನೊಬೆಲ್ ಬಂತು. ನೀರಿನ ಹನಿಯ ಹೊರಚರ್ಮದಲ್ಲಿ ಋಣ ಆವೇಶ, ಅದರ ಒಳಮಗ್ಗುಲಲ್ಲಿ ಧನ. ಹನಿ ಬಂಡೆಗೆ ಬಡಿದು ಒಡೆದಾಗ ಆ ಚರ್ಮದಿಂದ ಹರಿದು ಹಾರುವ ನವುರು ತುಂತುರು ಋಣವನ್ನ ಹೊತ್ತುಕೊಂಡು ಗಾಳಿಗೇರುತ್ತೆ. ದಪ್ಪ ಹನಿ ಧನವನ್ನ ಇಟ್ಟುಕೊಂಡು ಹೊಳೆಗೆ ಬೀಳುತ್ತೆ. ಆವತ್ತಿನ ಅಂಟುಪಟ್ಟಿ ನೆನಪಿದೆಯಾ?

— ಬಿಡಿಸಿದ್ದಕ್ಕೆ ಎರಡಾದವು.

— ಇಲ್ಲಿ ನೀರು ನೀರಿನಿಂದಲೇ ಬಿಡುತ್ತೆ. ಲೆನಾರ್ಡ್ ಇನ್ನೊಂದು ಕಂಡ. ನೀರಿಗೆ ಉಪ್ಪು ಬೆರೆಸಿದರೆ ಲೆಕ್ಕ ತಿರುಗಿಬೀಳುತ್ತೆ. ಸಮುದ್ರದ ಅಲೆ ಒಡೆಯುವ ಕಡೆ ಗಾಳಿ ಧನವಾಗುತ್ತೆ.

— ಈ ಹೊಗೆ ನಮ್ಮನ್ನ ಕಚ್ಚುವುದಿಲ್ಲವಲ್ಲ?

— ಇಲ್ಲ, ತುಂಬ ತೆಳುವು. ಬಂಡೆ ಒದ್ದೆ, ನಾವು ಒದ್ದೆ, ತೆಪ್ಪ ಒದ್ದೆ. ಸೇರಿದ ಕೂಡಲೇ ಇಳಿಯುತ್ತೆ. ಮುಚ್ಚಿದ ಜಾಗವಾದರೆ ಬೇರೆ ಕಥೆ. 1969ರ ಡಿಸೆಂಬರಿನಲ್ಲಿ ಮೂರು ಭಾರಿ ತೈಲ ಹಡಗುಗಳು, ಒಂದೇ ತಿಂಗಳಲ್ಲಿ, ಖಾಲಿ ತೊಟ್ಟಿಗಳನ್ನ ಜೋರು ನೀರಿನಿಂದ ತೊಳೆಯುವಾಗ ಸಿಡಿದವು. ಮಾರ್ಪೆಸ್ಸಾ ಅನ್ನುವುದು ಮುಳುಗಿಯೇ ಹೋಯಿತು. ತನಿಖೆ ನಡೆಸಿದವರು ಬೊಟ್ಟು ಮಾಡಿದ್ದು ತೊಟ್ಟಿಯೊಳಗೆ ತುಂಬಿದ ತುಂತುರಿನ ಆವೇಶದ ಕಡೆಗೆ. ಎಣ್ಣೆಯ ಆವಿ ಇತ್ತು, ಆವೇಶದ ಮಂಜು ಇತ್ತು, ಒಂದು ಕಿಡಿ ಸಾಕಾಯಿತು. ತೊಳೆಯುವ ಮುಂಚೆ ತೊಟ್ಟಿಗೆ ಉರಿಯದ ಅನಿಲ ತುಂಬುವ ಪದ್ಧತಿ ಹಡಗುಗಳಲ್ಲಿ ಗಟ್ಟಿಯಾದದ್ದು ಆಮೇಲೆ.

— ತೊಳೆಯುವ ನೀರೇ ಬೆಂಕಿ ಕೊಟ್ಟಿತು ಅನ್ನು.

— ನಿಂತ ನೀರು ಆವೇಶಕ್ಕೆ ದಾರಿ, ಒಡೆದ ನೀರು ಆವೇಶವನ್ನ ಬೇರೆ ಮಾಡುವ ಕೈ. ಅಕೋ ನೋಡಿ, ಪೆಣ್ಣಾಗರಂ ಕಡೆ ಮೋಡ ಕಟ್ಟಿದೆ. ದಡಕ್ಕೆ ಹೋಗೋಣ. ನೀರಿನ ಮೇಲೆ ಇರುವುದು ಬೇಡ.

*

ಪೆಣ್ಣಾಗರಂ ದಾಟಿ ಕಾರು ರಸ್ತೆ ಬದಿಗೆ ನಿಂತಿದೆ. ಮಳೆ ಇನ್ನೂ ಬಂದಿಲ್ಲ, ಗಾಳಿ ಬಂದಿದೆ.

— ಕಾರಿನೊಳಗೆ ಇರಬಹುದಾ? ಆ ಹುಣಸೆಮರದ ಕೆಳಗೆ ನಿಂತರೆ?

— ಮರದ ಕೆಳಗೆ ಮಾತ್ರ ಬೇಡ ದೊಡ್ಡಪ್ಪ. ಸಿಡಿಲು ಮರಕ್ಕಿಳಿದರೆ ಪಕ್ಕದವರಿಗೂ ಹಾರುತ್ತೆ, ಬೇರಿನ ಗುಂಟ ನೆಲದಲ್ಲೂ ಹರಡುತ್ತೆ. ಕಾರಿನ ತಗಡು ನಮ್ಮ ಸುತ್ತ ಲೋಹದ ಪೆಟ್ಟಿಗೆ, ಬಡಿದರೂ ಹೊರಮೈಯಲ್ಲೇ ಹರಿದು ನೆಲ ಸೇರುತ್ತೆ. ಗಾಜು ಏರಿಸಿ, ಬಾಗಿಲ ಹಿಡಿ ಮುಟ್ಟಬೇಡಿ.

— ಮಿಂಚಿತು. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಗುಡುಗು.

— ಆರು ಸೆಕೆಂಡು, ಎರಡು ಕಿಲೋಮೀಟರ್. ಶಬ್ದಕ್ಕೆ ಒಂದು ಕಿಲೋಮೀಟರಿಗೆ ಮೂರು ಸೆಕೆಂಡು ಬೇಕು.

— ಅಲ್ಲಿ ಮೇಲೆ ಯಾವ ನೂಲು, ಯಾವ ಹಣಿಗೆ?

— ಮಂಜುಗಡ್ಡೆ. ಮೋಡದ ಮೇಲುಭಾಗ ಹೆಪ್ಪುಗಟ್ಟುವಷ್ಟು ತಣ್ಣಗಿರುತ್ತೆ. ಏರುಗಾಳಿಯಲ್ಲಿ ಸಣ್ಣ ಹಿಮದ ಹರಳು ಮೇಲೇರುತ್ತಾ ಇರುತ್ತೆ, ಎಳೆಯ ಆಲಿಕಲ್ಲು ಭಾರಕ್ಕೆ ಹಿಂದೆ ಬೀಳುತ್ತಾ ಇರುತ್ತೆ. ಎರಡೂ ಢಿಕ್ಕಿ ಹೊಡೆದು ಬಿಡುವಾಗ ಹರಳಿಗೆ ಧನ, ಆಲಿಕಲ್ಲಿಗೆ ಋಣ. ಗಾಳಿ ಹರಳನ್ನ ಮೇಲಕ್ಕೆ ಒಯ್ಯುತ್ತೆ, ಆಲಿಕಲ್ಲು ಕೆಳಗೆ ಉಳಿಯುತ್ತೆ. ತಾಗುವುದು, ಬಿಡುವುದು, ಅದೇ ಕೆಲಸ. ನಿಮ್ಮ ಉರುಳೆಯಲ್ಲಿ ಎರಡು ಮಿಲಿಮೀಟರ್ ಹಾರಿದ್ದು ಇಲ್ಲಿ ಕಿಲೋಮೀಟರುಗಟ್ಟಲೆ ಹಾರುತ್ತೆ. ಒಂದು ಹೊಡೆತಕ್ಕೆ ಸುಮಾರು 30,000 ಆಂಪಿಯರ್.

— ಅಪ್ಪನ ಜರಿ ಕಟ್ಟಿದ ಮೇಲೆ ಉಬ್ಬು ಇಳಿಯಿತು, ಹೇಳಿದೆನಲ್ಲ. ಏಪ್ರಿಲ್ ಪೂರ್ತಿ ಎಳೆ ಹರಿಯುವುದು ಕಡಿಮೆಯಾಯಿತು. ಈಗಂತೂ ಮಳೆ ಬಿದ್ದು ಗಾಳಿ ಮೆತ್ತಗಾಗಿದೆ, ಉರುಳೆ ಕಚ್ಚುವುದೇ ಇಲ್ಲ. ಮೂರನೇ ಮಗ್ಗದ ಹತ್ತಿರ ಮಾತ್ರ ಇನ್ನೂ ಇದೆ.

— ಏನು ಇದೆ?

— ಕಂಡಿಕೆ ಹಾಕುವ ಹೆಂಗಸು ಮೊನ್ನೆಯೂ ಬಂದು ಹೇಳಿದಳು, ಕಂಬ ಮುಟ್ಟಿದರೆ ಕರೆಂಟು ಹೊಡೆಯುತ್ತೆ ಅಯ್ಯಾ ಅಂತ. ನೂಲಿನದ್ದೇ ತಾಯಿ, ಬೇಸಿಗೆಯಿಂದ ಇದೆಯಲ್ಲ ಅಂದೆ.

— ದೊಡ್ಡಪ್ಪ, ಈ ತೇವದಲ್ಲಿ ನೂಲಿನದ್ದು ಇರಬಾರದು. ಚಟ್ ಅಂತ ಹೊಡೆಯುತ್ತೆ ಅಂದಳಾ, ಝುಮ್ ಅನ್ನುತ್ತೆ ಅಂದಳಾ?

— ಕೈ ಇಟ್ಟರೆ ತೋಳಿನ ತನಕ ಇರುವೆ ಹರಿದ ಹಾಗೆ ಅಂದಳು. ನೆಲ ಒರೆಸಿದ ದಿನ ಜಾಸ್ತಿಯಂತೆ.

— ಅವಳು ಬರಿಗಾಲಲ್ಲಿ ನಿಲ್ಲುತ್ತಾಳಾ?

— ಎಲ್ಲರೂ ಬರಿಗಾಲೇ. ಮಗಳೇ, ಇವತ್ತು ನೆಲ ಒರೆಸುವ ದಿನ. ಫೋನು ಕೊಡಿಲ್ಲಿ. ಹಲೋ, ಹಲೋ, ಕೇಳಿಸುತ್ತಾ? ಮೂರನೇ ಮಗ್ಗ ಓಡುತ್ತಿದೆಯಾ? ಮಗ್ಗವನ್ನ ಮುಟ್ಟಬೇಡಿ, ಗೋಡೆಯ ಮೇನ್ ಸ್ವಿಚ್ ಇಳಿಸಿ. ಹೌದು, ಎಂಟನ್ನೂ. ಚಪ್ಪಲಿ ಹಾಕಿಕೊಂಡು ಹೋಗಿ ಇಳಿಸಿ. ನಾನು ಲೈನಲ್ಲೇ ಇದ್ದೇನೆ. ಇಳಿಸಿದಿರಾ? ಸರಿ. ಮೋಟಾರು ಬಿಚ್ಚಿಸಿ ನೋಡುವ ತನಕ, ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ ಹಾಕಿಸುವ ತನಕ ಯಾರೂ ಅದರ ಹತ್ತಿರ ಹೋಗುವುದು ಬೇಡ. ಕೂಲಿ ಹಿಡಿಯಲ್ಲ ಅಂತ ಎಲ್ಲರಿಗೂ ಹೇಳಿ. ಕಂಡಿಕೆ ಹಾಕುವಾಕೆ ಎಲ್ಲಿ? ಅವಳಿಗೆ ಹೇಳಿ, ಅವಳು ಹೇಳಿದ್ದೇ ಸರಿ ಅಂತ, ನಾನು… ಬೇಡ, ಇರಿ. ಫೋನು ಅವಳ ಕೈಗೇ ಕೊಡಿ.